ತುಂಡು ಮಾಡಿ ತನ್ನಿ

ಗುಜರಿ ಅಂಗಡಿಯವನಿಗೆ ಓಣಿಯವರು ಇಟ್ಟಿದ್ದ ಹೆಸರು ತಕ್ಕಡಿಯಣ್ಣ. ತೂಕದಲ್ಲಿ ಮೋಸ ಮಾಡದ್ದಕ್ಕೆ ಬಂದ ಹೆಸರು ಎಂದು ಅವನು ನಂಬಿದ್ದ. ಎರಡೂ ಕಡೆ ವಾಲುವುದಕ್ಕೆ ಬಂದದ್ದು ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಅವನ ವ್ಯಾಪಾರಕ್ಕೊಂದು ನಿಯಮವಿತ್ತು. ಇಡಿಯಾದ ಸಾಮಾನನ್ನು ಅವನು ಕೊಳ್ಳುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ತಂದ ಸೈಕಲ್ ಕೊಂಡು, ಅದರ ಯಜಮಾನ ಬಂದು ನಾಲ್ಕು ಜನರೆದುರು ಅವನ ಮಾನ ಹರಾಜು ಹಾಕಿದ ಮೇಲೆ ಹುಟ್ಟಿದ ನಿಯಮ ಅದು. ಇಡಿಯಾದ ವಸ್ತುವಿಗೆ ಯಜಮಾನ ಇರುತ್ತಾನೆ, ತುಂಡಿಗೆ ಬರೀ ತೂಕ ಇರುತ್ತದೆ ಎಂಬುದು ಅವನ ಸಿದ್ಧಾಂತ. ಯಾರಾದರೂ ಇಡೀ ನಲ್ಲಿಯನ್ನೋ ಕಿಟಕಿಯ ಸರಳನ್ನೋ ಹೊತ್ತು ತಂದರೆ ತಕ್ಷಣ ಗೋಡೆಯ ಕಡೆ ಮುಖ ತಿರುಗಿಸಿ, "ನಾನೇನೂ ನೋಡಿಲ್ಲ. ತುಂಡು ಮಾಡಿ ತನ್ನಿ" ಎನ್ನುತ್ತಿದ್ದ. ತುಂಡು ಮಾಡಲು ಗತಿಯಿಲ್ಲದ ಬಡಪಾಯಿಗಳಿಗೆಂದು ಬಾಗಿಲ ಹಿಂದೆ ಒಂದು ಗರಗಸವನ್ನೂ ನೇತುಹಾಕಿದ್ದ. ತನ್ನಷ್ಟು ಪ್ರಾಮಾಣಿಕ ಗುಜರಿಯವನು ಊರಲ್ಲೇ ಇಲ್ಲ ಎಂದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿತ್ತು.

ಚರಂಡಿಯ ಮುಚ್ಚಳ, ನೀರಿನ ನಲ್ಲಿ, ಒಬ್ಬರ ಮನೆಯ ಗೇಟು, ಹೀಗೆ ಒಂದೊಂದೇ ಮಾಯವಾಗತೊಡಗಿದಾಗ ಓಣಿಯವರು ಸಮಿತಿ ಮಾಡಿಕೊಂಡರು. ನಿವೃತ್ತ ಮೇಷ್ಟ್ರು ಅಧ್ಯಕ್ಷರು. ಕಳ್ಳರ ರೀತಿನೀತಿ ಬಲ್ಲವರು ಯಾರಾದರೂ ನಾಲ್ಕು ಮಾತಾಡಲಿ ಎಂದು ಅವರು ಹೇಳಿದಾಗ ಎಲ್ಲರ ಕಣ್ಣೂ ತಕ್ಕಡಿಯಣ್ಣನ ಮೇಲೆ ಬಿತ್ತು. ಅದನ್ನು ಅವನು ಗೌರವವೆಂದೇ ತಿಳಿದು ಎದ್ದು ನಿಂತ.

"ನೋಡಿ, ಕೊಂಡುಕೊಳ್ಳೋನು ಇಲ್ದಿದ್ರೆ ಕದಿಯೋನೂ ಇರಲ್ಲ. ಮಾರೋಕೆ ಬಂದವನನ್ನ ಇದು ಯಾರದ್ದು, ಎಲ್ಲಿಂದ ತಂದೆ ಅಂತ ಕೇಳ್ಬೇಕು. ನೀವೂ ಅಷ್ಟೇ, ನಿಮ್ಮ ನಿಮ್ಮ ಸಾಮಾನಿಗೆ ಗುರುತು ಹಾಕಿಡಿ."

ಚಪ್ಪಾಳೆ ಬಿತ್ತು. ಮಾತಿನ ಭರದಲ್ಲಿ ತನಗೂ ತನ್ನ ಅಂಗಡಿಗೂ ಸಂಬಂಧವೇ ಇಲ್ಲವೇನೋ ಎಂಬಂತೆ ಅವನೂ ಎರಡು ಚಪ್ಪಾಳೆ ತಟ್ಟಿದ.

ಅವನ ತಾಯಿಗೆ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೂ ಓಣಿಯ ತಿರುವಿನಾಚೆಯ ಕಲ್ಲುಮೆಟ್ಟಿಲು ಹತ್ತಿ ಮೇಲಿನ ರಸ್ತೆಯಲ್ಲಿದ್ದ ತನ್ನ ತಂಗಿಯ ಮನೆಗೆ ಅವಳು ದಿನವೂ ಒಬ್ಬಳೇ ಹೋಗುತ್ತಿದ್ದಳು. ಮೆಟ್ಟಿಲ ಬದಿಯ ಕಬ್ಬಿಣದ ಕಂಬಿಯೇ ಅವಳ ಕಣ್ಣು. ಸೊಸೆ ಕೈ ಹಿಡಿಯಲು ಬಂದರೆ, "ನಾನೇನು ಸಂತೆಗೆ ಹೊರಟ ಮಗುವಾ? ಬಿಡೇ" ಎಂದು ಗದರಿಸುತ್ತಿದ್ದಳು. ಮಗನ ಮನೆಯಲ್ಲಿ ಉಂಡರೂ ಯಾರ ಹಂಗಿನಲ್ಲೂ ಇಲ್ಲ ಎಂದು ಅವಳು ತಲೆಯೆತ್ತಿ ಹೇಳುತ್ತಿದ್ದುದು ಆ ಕಂಬಿಯ ಬಲದಿಂದಲೇ.

ಒಂದು ಬೆಳಿಗ್ಗೆ ಅವಳು ಕೈ ಚಾಚಿದರೆ ಕಂಬಿ ಇರಲಿಲ್ಲ. ಗಾಳಿಯಲ್ಲಿ ತಡಕಾಡುತ್ತಾ ಬಹಳ ಹೊತ್ತು ನಿಂತಿದ್ದಳಂತೆ. ಕೊನೆಗೆ ಸೊಸೆ ಹೋಗಿ ಕೈ ಹಿಡಿದು ಕರೆತಂದಾಗ ಅವಳು ಗದರಿಸಲೂ ಇಲ್ಲ.

ತಕ್ಕಡಿಯಣ್ಣನ ಮೈ ಉರಿದುಹೋಯಿತು. ಸಮಿತಿಯ ಮುಂದೆ ಹೋಗಿ, "ಆ ಬೋಳಿಮಗ ನನ್ನ ಕೈಗೆ ಸಿಗಲಿ, ಕೈಕಾಲು ಮುರೀತೀನಿ" ಎಂದು ಕೂಗಾಡಿದ. ಅವನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಮೇಷ್ಟ್ರು ಅವನ ಬೆನ್ನು ಸವರಿದರು.

ಮನೆಯಲ್ಲಿ ಕೂತು ಕೂತು ಬೇಜಾರಾದ ತಾಯಿ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಕುಳಿತಳು. ಕೈ ಸುಮ್ಮನಿರದೆ ಪಕ್ಕದ ರಾಶಿಯನ್ನು ಸವರುತ್ತಿತ್ತು. ಒಂದು ತುಂಡನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಮತ್ತೆ ಮತ್ತೆ ಉಜ್ಜಿದಳು.

"ಲೋ, ಇದು ನಮ್ಮ ಕಂಬಿ ಕಣೋ."

"ಅಯ್ಯೋ ಅಮ್ಮಾ, ಅದು ಯಾವುದೋ ಪೈಪಿನ ಚೂರು."

"ತಿರುವಿನ ಹತ್ತಿರ ಒಂದು ಬೆಸುಗೆಯ ಗಂಟು ಇತ್ತು, ಅಲ್ಲೇ ನಾನು ನಿಂತು ಸುಧಾರಿಸಿಕೊಳ್ತಿದ್ದೆ. ನೀನು ತುಂಡು ಮಾಡಿದ ಮಾತ್ರಕ್ಕೆ ನನ್ನ ಕೈ ಅದನ್ನ ಮರೆಯುತ್ತಾ?"

ಅದನ್ನು ಮಾರಿದವನು ಗೋಣಿ. ಸದಾ ಹೆಗಲ ಮೇಲೊಂದು ಚೀಲ ಹೊತ್ತು ತಿರುಗುವುದರಿಂದ ಅವನಿಗೆ ಆ ಹೆಸರು. ಅಂದು ಸಂಜೆ ಅವನು ಬಂದೊಡನೆ ತಕ್ಕಡಿಯಣ್ಣ ಕೊರಳಪಟ್ಟಿಗೆ ಕೈ ಹಾಕಿದ. ಗೋಣಿಗೆ ಹೆದರಿಕೆಗಿಂತ ಆಶ್ಚರ್ಯವೇ ಹೆಚ್ಚಾಯಿತು.

"ಇದೇನಣ್ಣಾ ಹೀಗೆ ಮಾಡ್ತೀರಿ? ನಾನು ಮೊದಲು ಇಡೀದೇ ತಂದಿದ್ದೆ. ನಿಮ್ಮ ಮುಂದೇನೇ ಇಟ್ಟಿದ್ದೆ. ನೀವೇ ಗೋಡೆ ಕಡೆ ತಿರುಗಿ, ತುಂಡು ಮಾಡಿ ತಾ ಅಂದ್ರಿ. ಗರಗಸಾನೂ ನಿಮ್ಮದೇ."

ತಕ್ಕಡಿಯಣ್ಣನ ಕೈ ತಾನಾಗಿಯೇ ಸಡಿಲವಾಯಿತು. ಅವತ್ತು ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಅಮ್ಮನ ಕಂಬಿ ಎಂದು ಅವನಿಗೆ ಗುರುತು ಸಿಗುತ್ತಿತ್ತು. ಚಿಕ್ಕಂದಿನಲ್ಲಿ ಅದರ ಮೇಲೆ ಜಾರಿ ಮೊಣಕಾಲು ತರಚಿಕೊಂಡವನು ಅವನೇ. ತಾಯಿ ಅಲ್ಲೇ ಕುಳಿತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡು ಆ ತುಂಡನ್ನು ಮೆಲ್ಲಗೆ ರಾಶಿಯ ಮೇಲಿಟ್ಟಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ವೆಲ್ಡಿಂಗಿನವನನ್ನು ಕರೆಸಿ ತುಂಡುಗಳನ್ನೆಲ್ಲ ಜೋಡಿಸಿ ಕಂಬಿಯನ್ನು ಮೊದಲಿದ್ದ ಕಡೆಯೇ ನಿಲ್ಲಿಸಿದ. ಕಂಬಿ ಎಲ್ಲಿ ಸಿಕ್ಕಿತು ಎಂದು ಸಮಿತಿಯವರು ಕೇಳಿದಾಗ "ಹುಡುಕಿಸಿದೆ" ಎಂದಷ್ಟೇ ಹೇಳಿದ. ಮೇಷ್ಟ್ರು ಎಲ್ಲರೆದುರು ಹಾಡಿ ಹೊಗಳಿದರು. ಇಂಥವರು ಓಣಿಗೊಬ್ಬರಿದ್ದರೆ ಸಾಕು ಎಂದರು. ತಕ್ಕಡಿಯಣ್ಣ ತಲೆ ತಗ್ಗಿಸಿ ನಿಂತ, ಜನ ಅದನ್ನು ವಿನಯವೆಂದುಕೊಂಡರು.

ಮರುದಿನ ಬೆಳಿಗ್ಗೆ ತಾಯಿಯನ್ನು ಅವನೇ ಮೆಟ್ಟಿಲ ತನಕ ಕರೆದೊಯ್ದು, ಅವಳ ಕೈಯನ್ನು ಕಂಬಿಯ ಮೇಲಿಟ್ಟ. ಅವಳು ಅದನ್ನು ಅಲ್ಲಾಡಿಸಿ ನೋಡಿದಳು. ಬೆಸುಗೆಯ ಹೊಸ ಗಂಟುಗಳ ಮೇಲೆಲ್ಲ ಬೆರಳಾಡಿಸಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಮನೆಯ ಕಡೆ ತಿರುಗಿ, ಸೊಸೆಯ ಹೆಸರು ಹಿಡಿದು ಕೂಗಿದಳು.

"ಯಾಕಮ್ಮಾ? ಗಟ್ಟಿಯಾಗೇ ಇದೆಯಲ್ಲ, ಹಿಡ್ಕೊಂಡು ಹತ್ತು."

"ಕಂಬಿ ಗಟ್ಟಿಯಾಗೇ ಇದೆ ಕಣಪ್ಪಾ," ಎಂದಳು ತಾಯಿ, "ಆದರೆ ಅದು ಗೋಡೆ ಕಡೆ ತಿರುಗೋನ ಅಂಗಡಿ ಇರೋ ಓಣಿಯಲ್ಲಿದೆ ಅಂತ ಈಗ ನನಗೆ ಗೊತ್ತಲ್ಲ."