ಇಡೀ ಓಣಿ ಉಣಿಸಿದ ಮಗು

ಶಶಿಕಲಾ ಬೀದರಿನ ಆಫೀಸು ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದು ಔರಾದದ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಂದು ಚಪ್ಪಲಿ ಬಿಡುವಷ್ಟರಲ್ಲೇ ಒಂಬತ್ತು ವರ್ಷದ ಮಗಳು ಮಂಜಿರಿ ಅಳುತ್ತ ಬಂದಳು.

"ಅವ್ವಾ, ನಾ ನಾಳಿಂದ ಸಾಲಿಗಿ ಹೋಗಲ್ಲ. ಖೋಖೋ ಆಡ್ಲಾಕ ಹೋದ್ರ ದಮ್ಮ ಹತ್ತತದ. ಎಲ್ಲಾರೂ ನಗ್ತಾರ."

ತೂಕ ವಯಸ್ಸಿಗೆ ಮೀರಿದೆ, ಹೀಗೇ ಬಿಟ್ಟರೆ ಸಕ್ಕರೆ ಕಾಯಿಲೆ ಬರಬಹುದು ಎಂದು ಡಾಕ್ಟರು ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಶಶಿಕಲಾ ಮನೆಗೆ ಕರಿದ ತಿಂಡಿ ತರುವುದನ್ನೇ ಬಿಟ್ಟಿದ್ದಳು. ಆದರೂ ತೂಕ ಏರುತ್ತಲೇ ಇತ್ತು. ಅವಳಿಗೆ ಸಾಕುಸಾಕಾಗಿತ್ತು.

ಅತ್ತೆ ಶಾಂತಾಬಾಯಿ ಮಾತ್ರ ಡಾಕ್ಟರ ಮಾತು ಒಪ್ಪಲಿಲ್ಲ. "ಮೈಕೈ ತುಂಬ್ಕೊಂಡ ಕೂಸಿಗಿ ರೋಗ ಅಂತಾರ! ದೊಡ್ಡಾಕಿ ಆದ್ರ ತಾನೇ ಇಳೀತದ."

ವಿಷಯ ತಿಳಿದ ಓಣಿಯ ಆಶಾ ಕಾರ್ಯಕರ್ತೆ ಹಮೀದುನ್ನಿಸಾ ಅತ್ತೆಯೊಡನೆ ವಾದಕ್ಕೆ ಇಳಿಯಲಿಲ್ಲ. ಶಶಿಕಲಾಳನ್ನು ಕೇಳಿಯೇ, ಓಣಿಯ ಹೆಂಗಸರ ಸ್ವಸಹಾಯ ಸಂಘದ ಸಭೆಯಲ್ಲಿ ಒಂದು ಪ್ರಶ್ನೆ ಹಾಕಿದರು.

"ಇವತ್ತ ಮಂಜಿರಿಗಿ ಯಾರ್ಯಾರು ಏನೇನು ಕೊಟ್ರಿ?"

"ನಾ ಚಾ, ಎರಡ ಟೋಸ್ಟ್ ಕೊಟ್ಟೀನಿ. ಪಾಪ, ಅವರವ್ವ ಮನ್ಯಾಗ ಇರಲ್ಲ," ಎಂದಳು ಪಕ್ಕದ ಮನೆಯ ಆಬೇದಾ.

"ನಾ ಒಂದೇ ಚಿಪ್ಸ್ ಪಾಕೀಟ್ ಕೊಟ್ಟೀನ್ರಿ," ಎಂದಳು ಅಂಗಡಿಯ ಪ್ರಮಿಲಾ.

ಶಾಂತಾಬಾಯಿ ಸೆರಗು ಸರಿಮಾಡಿಕೊಂಡರು. "ನಾ ಜಿಲೇಬಿ ಕೊಟ್ಟೀನಿ. ಬ್ಯಾರೆಯವ್ರು ಕೊಟ್ಟಿದ್ದು ನಂಗೇನ ಗೊತ್ತು?"

ಶಶಿಕಲಾಳ ಕಣ್ಣು ತುಂಬಿ ಬಂತು. "ಎಲ್ಲಾರೂ ಒಂದೊಂದೇ ಅಂತೀರಿ. ನಾ ಒಬ್ಬಾಕಿ ಎಷ್ಟಂತ ತಡೀಲಿ?"

ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಎಲ್ಲರೂ ಅಕ್ಕರೆಯಿಂದಲೇ ಕೊಟ್ಟಿದ್ದರು.

"ಇದು ತಾಯಿ ಒಬ್ಬಾಕಿ ಕೈಲಿ ಆಗೋ ಕೆಲಸ ಅಲ್ರಿ," ಎಂದರು ಹಮೀದುನ್ನಿಸಾ. "ಓಣಿಯವ್ರೆಲ್ಲಾ ಕೂಡಬೇಕು. ಹಸಿವಿ ಅಂದ್ರ ಪೇರಲ ಕೊಡ್ರಿ, ಮನಿ ರೊಟ್ಟಿ ಕೊಡ್ರಿ. ಸಂಜಿಗಿ ಎಲ್ಲಾ ಕೂಸುಗಳಿಗಿ ಆಟಕ್ಕ ಕಳಸ್ರಿ. ಆದ್ರ ಕೂಸಿಗಿ ದಪ್ಪ ಅಂತ ಯಾರೂ ಅನಬ್ಯಾಡ್ರಿ."

ಪ್ರಮಿಲಾ ತಲೆಯಾಡಿಸಿದಳು. "ಅಂಗಡ್ಯಾಗ ಪಾಕೀಟ್ ಮುಂದ ತೂಗಹಾಕಲ್ರಿ. ಬಾಳಿಹಣ್ಣು ಇಡ್ತೇನಿ."

ಶಾಂತಾಬಾಯಿಯ ದನಿ ಇಳಿದಿತ್ತು. "ನನ್ನ ಕೈಲೇ ಕೂಸಿಗಿ ದಮ್ಮ ಹತ್ತೇದ. ನಾಳಿಂದ ಆಟಕ್ಕ ನಾನೇ ಕರಕೊಂಡ ಹೋಗ್ತೇನಿ."

ತೂಕ ಒಂದೇ ವಾರಕ್ಕೆ ಇಳಿಯುವುದಿಲ್ಲ, ಇಳಿಯಲೂ ಇಲ್ಲ. ಆದರೆ ಸಂಜೆ ಓಣಿಯ ಮಕ್ಕಳ ಜೊತೆ ಆಟಕ್ಕೆ ಇಳಿದ ಮಂಜಿರಿ ಶಾಲೆ ಬಿಡಲಿಲ್ಲ.

ಬಂಧುಗಳೇ, ದಣಿದ ತಾಯಿಗೆ ಬುದ್ಧಿ ಹೇಳಲು ಊರೆಲ್ಲ ಮುಂದೆ ಬರುತ್ತದೆ, ಜೊತೆಗೆ ನಿಲ್ಲುವವರು ಕಡಿಮೆ. ನೀವು ನಿಲ್ಲಿ. ಓಣಿಯ ಮಗುವಿಗೆ ತಿಂಡಿ ಕೊಡುವ ಮುನ್ನ ಅದರ ಮನೆಯವರನ್ನು ಒಂದು ಮಾತು ಕೇಳಿ.