ಮುಚ್ಚಿದ ಡಬ್ಬಿಯ ಹೆಸರುಕಾಳು

"ಬಣ್ಣ ತಿರುಗಬಾರ್ದು ನೋಡವಾ," ಎಂದು ರಾಜಾರಾಮ ಸರ್ ಒಲೆಯ ಬಳಿ ಬಗ್ಗಿ ಹೇಳಿದರು. "ಮ್ಯಾಲ ಹಸೀ ಕಾಳಿನಂಗ ಕಾಣಬೇಕು. ಒಳಗಿನ ಜೀವ ಅಷ್ಟ ಹೋಗಬೇಕು."

ತುಳಸವ್ವ ಬಾಣಲೆಯಲ್ಲಿದ್ದ ಹೆಸರುಕಾಳನ್ನೇ ನೋಡುತ್ತ ನಿಂತಳು. ಅಥಣಿಯ ಹಳೆಯ ಶಾಲೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ಶುರುವಾಗಿ ಆರು ದಿನವಾಗಿತ್ತು. ಅಂದು ಅಡಿಗೆಯ ಪಾಳಿ ಸತ್ತಿ ಎಂಬ ಹಳ್ಳಿಯಿಂದ ಬಂದ ಅವಳದು. ಮಕ್ಕಳಿಗೆ ಏನನ್ನೂ ಹೇಳಿಕೊಡಬಾರದು, ಅವರು ಕೈಯಾರೆ ಮಾಡಿ, ಪ್ರಶ್ನೆ ಕೇಳಿ, ತಾವೇ ಕಂಡುಕೊಳ್ಳಬೇಕು ಎಂಬುದು ಸರ್ ಅವರ ಪಾಠ. ಅದನ್ನು ಅವರು ದಿನಕ್ಕೆ ಮೂರು ತಾಸು ಬರೆಸುತ್ತಿದ್ದರು. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಸಿಟ್ಟಿಗೇಳುತ್ತಿದ್ದರು.

ಅವರ ಹೆಮ್ಮೆಯ ಪ್ರಯೋಗಕ್ಕೆ ಎರಡು ಡಬ್ಬಿ ಸಾಕು. ನೆನೆಸಿದ ಕಾಳು ಎರಡರಲ್ಲೂ ಹಾಕಿ, ಒಂದನ್ನು ಕಿಟಕಿಯಲ್ಲಿ ತೆರೆದಿಡುವುದು, ಇನ್ನೊಂದಕ್ಕೆ ಮುಚ್ಚಳ ಹಾಕುವುದು. 'ಕತ್ತಲೆಯಲ್ಲಿ ಬೀಜ ಮೊಳೆಯುವುದಿಲ್ಲ' ಎಂದು ಗೋಡೆಯ ಪಟದಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು. ಐದು ವರ್ಷದ ಹಿಂದೆ, ಮೊದಲ ಶಿಬಿರದಲ್ಲೇ ಮುಚ್ಚಿದ ಡಬ್ಬಿಯ ಕಾಳು ಮೊಳೆತು ಸರ್ ಅವರ ಮಾನ ಹೋಗಿತ್ತು. ತಲೆ ನೆಟ್ಟಗಿದ್ದವನಾದರೆ ಪಟ ತಿದ್ದುತ್ತಿದ್ದ. ಇವರು ಮುಚ್ಚುವ ಡಬ್ಬಿಯ ಕಾಳು ಹುರಿಸಿದರು.

"ಮಣ್ಣಾಗೂ ಕತ್ತಲನ ಇರತೈತ್ರಿ ಸರ್," ಎಂದಳು ತುಳಸವ್ವ. "ಅಲ್ಲೆ ಹೆಂಗ ಮೊಳೀತಾವ್ರಿ?"

ಅದು ಪಠ್ಯದಲ್ಲಿಲ್ಲ ಎಂದರು ಸರ್. ಕೊನೆಯ ದಿನ ಪರೀಕ್ಷೆಗೆ ಬರುವ ಇಲಾಖೆಯ ಸಾಹೇಬರ ಮುಂದೆ ಈ ಪ್ರಯೋಗ ತೋರಿಸಬೇಕಾದವಳು ಅವಳೇ, ಪಾಸಾದರೆ ಮಾತ್ರ ಪ್ರಮಾಣಪತ್ರ ಎಂದೂ ನೆನಪಿಸಿದರು. ಅದಿಲ್ಲದಿದ್ದರೆ ಸತ್ತಿಯ ಅಂಗನವಾಡಿ ಬೇರೆಯವಳ ಪಾಲು, ಅವಳು ಮತ್ತೆ ಕಂಡವರ ಕಬ್ಬಿನಲ್ಲಿ ಕಳೆ ತೆಗೆಯಬೇಕು. ಎಂಟು ವರ್ಷ ಆ ಕೆಲಸ ಮಾಡಿದ್ದಳು. ಕಬ್ಬಿನ ರವದಿಯ ಒಣ ಗರಿ ಗೀರಿದ ಗುರುತುಗಳು ಮೊಳಕೈತನಕ ಇನ್ನೂ ಇದ್ದವು.

ಸರ್ ಅತ್ತ ಹೋಗುತ್ತಲೇ ಅವಳು ಬಾಣಲೆ ಇಳಿಸಿಬಿಟ್ಟಳು. ಕೈಯಾರೆ ಮಾಡಿ ನೋಡಿರಿ ಎಂದು ಆರು ದಿನದಿಂದ ಬರೆಸುತ್ತಿದ್ದರಲ್ಲ, ಹಸಿ ಕಾಳನ್ನೇ ನೆನೆಸಿ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ ಇಟ್ಟಳು.

ಕೊನೆಯ ದಿನ ಸಾಹೇಬರು ಎರಡು ತಾಸು ತಡವಾಗಿ ಬಂದು, ಹಾರ ಹಾಕಿಸಿಕೊಂಡು, ಚಹಾ ಕುಡಿದು ಕುಳಿತರು. ತುಳಸವ್ವ ಮುಚ್ಚಳ ತೆಗೆದಳು. ಕಿಟಕಿಯ ಕಾಳಿಗಿಂತ ಉದ್ದದ, ಬೆಳ್ಳಗಿನ ಮೊಳಕೆಗಳು ಡಬ್ಬಿಯ ತುಂಬ ಎದ್ದಿದ್ದವು.

ಸರ್ ಅವರ ಮುಖ ಕಪ್ಪಿಟ್ಟಿತು, ಬಾಯಿ ಮಾತ್ರ ಕಟ್ಟಲಿಲ್ಲ. ಮುಚ್ಚಳ ಸಡಿಲಾಗಿ ಬೆಳಕು ಹೊಕ್ಕಿದೆ ಎಂದರು. ಪಟದ ಕಡೆ ನೋಡಿದ ಸಾಹೇಬರು, ಅಷ್ಟು ದೊಡ್ಡದಾಗಿ ಬರೆದದ್ದು ಸುಳ್ಳಾಗುವುದು ಹೇಗೆ ಎಂದು ತಲೆಯಾಡಿಸಿದರು. ಒದ್ದೆ ಬಟ್ಟೆಯಲ್ಲಿ ಕಾಳು ಕಟ್ಟಿ, ಮಡಕೆಯೊಳಗಿಟ್ಟು, ವಾರಕ್ಕೊಮ್ಮೆ ಮೊಳಕೆ ಪಲ್ಯ ಮಾಡುವ ಶಿಬಿರದ ಉಳಿದ ಮೂವತ್ತು ಹೆಂಗಸರೂ ಒಕ್ಕೊರಲಿನಿಂದ ಹೌದ್ರಿ ಎಂದರು. ತುಳಸವ್ವನ ಪಕ್ಕದಲ್ಲೇ ಹಾಸಿಕೊಂಡು ಮಲಗುತ್ತಿದ್ದ ಐನಾಪುರದ ಕಾಳವ್ವನ ದನಿಯೇ ಎಲ್ಲರಿಗಿಂತ ದೊಡ್ಡದಿತ್ತು. ಅವರಿಗೂ ಪ್ರಮಾಣಪತ್ರ ಬೇಕಿತ್ತು, ನಿಜ. ಆದರೂ ತುಳಸವ್ವನಿಗೆ ಹೇಸಿಕೆಯೆನಿಸಿತು.

"ಮುಚ್ಚಳಾ ಸಡ್ಲ ಹಾಕಿದ್ದೆ ಅಂತ ಹೇಳಿಬಿಡು," ಎಂದರು ಸರ್ ತಗ್ಗಿದ ದನಿಯಲ್ಲಿ. "ಅಲ್ಲಿಗೆ ಮುಗೀತು."

ತುಳಸವ್ವ ಸೆರಗಿನೊಳಗೆ ಮೊಳಕೈ ತಿಕ್ಕಿಕೊಂಡಳು.

"ಬಿಗೀನ ಹಾಕಿದ್ನಿರಿ," ಎಂದಳು. "ಬೇಕಾದ್ರ ನೀವ ಇನ್ನೊಮ್ಮಿ ಹಾಕಿ ನೋಡ್ರಿ."

ಯಾರೂ ಹಾಕಿ ನೋಡಲಿಲ್ಲ. ಸರ್ ಅವಸರದಲ್ಲಿ ಎರಡೂ ಡಬ್ಬಿಯ ಕಾಳನ್ನು ಎರಡು ತಾಟಿಗೆ ಸುರಿದು, ಉಪ್ಪು ಉದುರಿಸಿ, ನಿಂಬೆ ಹಿಂಡಿ ಸಾಹೇಬರ ಮುಂದಿಟ್ಟರು. ಸಾಹೇಬರು ಎರಡನ್ನೂ ಬಾಯಿಗೆ ಹಾಕಿ ನೋಡಿದರು.

"ಈ ಮುಚ್ಚಿಟ್ಟವು ಭಾಳ ಎಳೀ ಅದಾವ," ಎಂದು ಆ ತಾಟನ್ನು ತಮ್ಮ ಹತ್ತಿರ ಎಳೆದುಕೊಂಡರು. ಆಮೇಲೆ ಅಗಿಯುತ್ತಲೇ ಹಾಜರಿ ಪುಸ್ತಕ ತೆರೆದು, ತುಳಸವ್ವನ ಹೆಸರು ಹುಡುಕಿ, ಅದರ ಮುಂದೆ 'ನಾಪಾಸು' ಎಂದು ಬರೆದರು.