ಹದಿನಾರು ಡಿಗ್ರಿ, ತೆರೆದ ಬಾಗಿಲು

ಶಿಕಾರಿಪುರದ ಆ ಬೀದಿಯಲ್ಲಿ ಬೇಸಿಗೆ ಬಂತೆಂದರೆ ಸಂಜೆಯ ಕರೆಂಟು ಇದ್ದೂ ಇಲ್ಲದ ಹಾಗೆ. ಬಲ್ಬು ಮಿಣುಕುತ್ತದೆ, ಫ್ಯಾನು ತೆವಳುತ್ತದೆ, ಎಲ್ಲರೂ ಕರೆಂಟಿನವರನ್ನು ಬೈಯುತ್ತಾರೆ. ಗುರುಪ್ರಕಾಶನೂ ಬೈಯುತ್ತಿದ್ದ. ಬೀದಿಯ ಕರೆಂಟನ್ನು ಹೆಚ್ಚು ನುಂಗುತ್ತಿದ್ದುದು ತನ್ನ ಲಾಡ್ಜೇ ಎಂದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಲಾಡ್ಜಿನ ಮುಂದಿನ ಹಾಲಿನಲ್ಲಿ ನಾಲ್ಕು ಏಸಿ, ನಾಲ್ಕೂ ಹದಿನಾರಕ್ಕೆ. ತೊಗರ್ಸಿ ಕಡೆಯಿಂದ ಮದುವೆಗೆ ಬಂದವರು ಹೆಗಲ ಟವೆಲು ಹೊದ್ದು ಮುದುಡಿ ಕೂರುತ್ತಿದ್ದರು. ಬಾಗಿಲಲ್ಲೇ ತಂಪು ಬಡಿಯಬೇಕು ಎಂಬುದು ಅವನ ಜಂಬ. ಅದರ ಮೇಲೆ ದೀಪ ಹಚ್ಚುವ ಹೊತ್ತಿನಿಂದ ಮುಂಬಾಗಿಲು ಹಾರುಹೊಡೆದಿರಬೇಕು. ಮುಚ್ಚಿದರೆ ಲಕ್ಷ್ಮಿ ತಿರುಗಿ ಹೋಗುತ್ತಾಳೆ ಎಂದು ತಾಯಿ ಮಹಾದೇವಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದರು. ಆ ಕಾಲದಲ್ಲಿ ಏಸಿ ಇರಲಿಲ್ಲ.

ಈಗ ಆ ತಾಯಿ ಲಾಡ್ಜಿನ ಹಿಂದಿನ ಮನೆಯಲ್ಲಿ, ಆಕ್ಸಿಜನ್ ಮಿಷಿನ್ನಿನ ಆಸರೆಯಲ್ಲಿ ಮಲಗಿದ್ದರು. ಹೆಂಡತಿ ಗಂಗಾಶ್ರೀ ಜಡೆ ಎಂಬ ಊರಿನವಳು, ಸೊರಬದ ಕಾಲೇಜಿನಲ್ಲಿ ವಿಜ್ಞಾನ ಕಲಿಸುವವಳು. ಗಂಡನಿಗೆ ಹೇಳಿ ಹೇಳಿ ಸೋತಿದ್ದಳು.

"ಹದಿನಾರಕ್ಕಿಟ್ರೆ ಬೇಗ ತಂಪಾಗ್ತದೆ ಅನ್ನೋದು ಸುಳ್ಳು ರೀ. ಬಾಗ್ಲು ತೆಗೆದಿದ್ರೆ ಏಸಿ ಬೀದಿನೆಲ್ಲ ತಂಪು ಮಾಡಕ್ಕೆ ಹೋಗಿ ನಿಲ್ದೇ ಓಡ್ತದೆ. ಇಪ್ಪತ್ನಾಲ್ಕಕ್ಕಿಡಿ, ಫ್ಯಾನು ಹಾಕಿ. ಅತ್ತೆಯವರ ಮಿಷಿನ್ನೂ ಇದೇ ಲೈನಲ್ಲಿದೆ."

"ಲಕ್ಷ್ಮಿ ಬರೋ ಹೊತ್ತಿಗೆ ಬಾಗ್ಲು ಹಾಕು ಅಂತೀಯಲ್ಲ" ಎಂದು ಅವನು ನಕ್ಕುಬಿಟ್ಟ.

ಒಂದು ಸಂಜೆ, ಹಾಲ್ ತುಂಬ ಜನವಿದ್ದಾಗ, ಬೀದಿಯ ಟ್ರಾನ್ಸ್‌ಫಾರ್ಮರ್ ಸಿಡಿಯಿತು. ಬೀದಿಯೆಲ್ಲ ಕತ್ತಲಾದರೂ ಲಾಡ್ಜಿನ ಜನರೇಟರ್ ಶುರುವಾಯಿತು, ಹಾಲ್ ಮತ್ತೆ ತಂಪಾಯಿತು. ಗುರುಪ್ರಕಾಶ ನೆಮ್ಮದಿಯಿಂದ ಬಂದವರಿಗೆ ಪಾನಕ ಕೊಡಿಸಿದ. ಜನರೇಟರಿನ ವೈರು ಹಿಂದಿನ ಮನೆಗೆ ಎಳೆದೇ ಇಲ್ಲ ಎಂಬುದು ಅವನಿಗೆ ನೆನಪಾಗಲಿಲ್ಲ. ಗಂಗಾಶ್ರೀ ಸೊರಬದಿಂದ ಬರುವ ಬಸ್ಸಿನಲ್ಲಿದ್ದಳು. ಮಹಾದೇವಮ್ಮ ಮಗನನ್ನು ಕೂಗಿದರೋ ಏನೋ, ಜನರೇಟರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮಗನಿಗೆ ನೆನಪಾಗಿ ಓಡುವಷ್ಟರಲ್ಲಿ ಅವರ ಕೈ ತಣ್ಣಗಾಗಿತ್ತು.

ಟ್ರಾನ್ಸ್‌ಫಾರ್ಮರ್ ಲೋಡು ತಡೆಯದೆ ಸುಟ್ಟಿದೆ ಎಂದು ಲೈನ್‌ಮನ್ ಹೇಳಿದ.

"ಬೀದಿಗೆಲ್ಲ ತಂಪು ಹಂಚಿದೆ ಗಂಗಾ. ಅವ್ವನ ಉಸಿರು ನಾನೇ ಕಿತ್ಕೊಂಡೆ" ಎಂದು ಅವನು ಅತ್ತ.

ಈಗಲೂ ಅವನು ಸಂಜೆ ಬಾಗಿಲು ತೆರೆದು ದೀಪ ಹಚ್ಚುತ್ತಾನೆ. ಕೈಮುಗಿದು, ಬಾಗಿಲು ಎಳೆದುಕೊಳ್ಳುತ್ತಾನೆ. ಏಸಿ ಇಪ್ಪತ್ನಾಲ್ಕಕ್ಕಿದೆ, ಮೇಲೆ ಫ್ಯಾನು ತಿರುಗುತ್ತದೆ. ಸೆಖೆ ಎಂದು ಯಾವ ಗಿರಾಕಿಯೂ ದೂರಿಲ್ಲ. ಹಿಂದಿನ ಮನೆಯ ಮಂಚ ಮಾತ್ರ ಖಾಲಿ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹೋಟೆಲಿನ, ಛತ್ರದ, ಅಂಗಡಿಯ ಏಸಿ ಈಗ ಎಷ್ಟಕ್ಕಿದೆ? ಎದ್ದು ನೋಡಿ. ಇಪ್ಪತ್ನಾಲ್ಕಕ್ಕೆ ಏರಿಸಿ, ಬಾಗಿಲು ಹಾಕಿ, ಜನವಿಲ್ಲದ ಕಡೆ ಆರಿಸಿಬಿಡಿ. ಅದೇ ತಂತಿಯ ಇನ್ನೊಂದು ತುದಿಯಲ್ಲಿ ಯಾರೋ ಉಸಿರಾಡುತ್ತಿದ್ದಾರೆ.